ಚಿಗರಿಯ ಲೇನ್ ತೆಗೆದರೆ ಉಳಿಯೋದೇನು?

ಹುಬ್ಬಳ್ಳಿ-ಧಾರವಾಡದಲ್ಲಿ ಚಿಗರಿ ಬಸ್ಸಿಗೆಂದೇ ಮೀಸಲಿಟ್ಟ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಲೇನನ್ನು ಎಲ್ಲ ಗಾಡಿಗಳಿಗೂ ಬಿಟ್ಟರೆ ಟ್ರಾಫಿಕ್ ಕಡಿಮೆಯಾಗುತ್ತದೆ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಸುಮಾರು 22 ಕಿ.ಮೀ. ದಾರಿಯಲ್ಲಿ ಚಿಗರಿ ಬಸ್ಸು ಬೇಗ ಓಡುವುದೇ ಆ ಲೇನ್ ಇರುವುದರಿಂದ. ಕಾರು, ಆಟೊ ಎಲ್ಲ ನುಗ್ಗಿದರೆ ಅದೂ ಉಳಿದ ಬಸ್ಸುಗಳ ಹಿಂದೆ ನಿಲ್ಲುತ್ತದೆ, ಅಷ್ಟೇ.

ನಮ್ಮವ್ವನಿಗೆ ಮೊಣಕಾಲು ನೋವು. ಬೇರೆ ಬಸ್ಸಾದರೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಬೇಕು. ಚಿಗರಿಯಲ್ಲಿ ಪ್ಲಾಟ್‌ಫಾರ್ಮೂ ಬಸ್ಸಿನ ನೆಲವೂ ಒಂದೇ ಮಟ್ಟ. ಕಾಯಿಪಲ್ಲೆ ಚೀಲ ಹಿಡಿದು ಸೀದಾ ಒಳಗೆ ನಡೆದುಹೋಗುತ್ತಾಳೆ.

ನೀವು ಕೇಳಬೇಕಿದ್ದದ್ದು ಸ್ಟಾಪಿನಿಂದ ಒಳಗಿನ ಬಡಾವಣೆಗಳಿಗೆ ಸಣ್ಣ ಬಸ್ಸು ಬಿಡಿ ಅಂತ. ಇಳಿದ ಮೇಲೆ ಮನೆ ಮುಟ್ಟಲು ಆಟೊಗೆ ಟಿಕೆಟ್‌ಗಿಂತ ಜಾಸ್ತಿ ಕೊಡಬೇಕೆಂದರೆ ಜನ ಬೈಕ್ ಹತ್ತದೇ ಇರ್ತಾರಾ?