‘ಬಿಡು ಅಂತ ಹೇಳಿದ್ದೆ ತಾನೇ?’

ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಂದವನಿಗೆ ಈ ಹೊತ್ತಿನವರೆಗೂ ಸಿಟ್ಟು ಇಳಿದಿಲ್ಲ. ಇಲ್ಲಿ ಬರೆದೇ ಇಳಿಸಿಕೊಳ್ಳಬೇಕು.

ಗೆಳೆಯನ ತಾಯಿಗೆ ಸೊಂಟದ ಆಪರೇಷನ್ ಆಗಿದೆ. ನೋಡಿಕೊಂಡು ಬರೋಣ ಅಂತ ಮೂಳೆ ವಾರ್ಡಿಗೆ ಹೋಗಿದ್ದೆ. ಹಿಂಬದಿಯ ಮೆಟ್ಟಿಲ ಹತ್ತಿರ ಗಾಲಿಕುರ್ಚಿಯಲ್ಲಿ ಒಬ್ಬ ಹುಡುಗ ಕೂತಿದ್ದ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಮೊಣಕಾಲ ಕೆಳಗೆ ಹೊರಗಿನಿಂದ ಕಂಬಿ ಬಿಗಿದಿದ್ದಾರೆ. ಚರ್ಮದೊಳಕ್ಕೆ ಇಳಿದ ಪಿನ್ನುಗಳ ಬುಡಕ್ಕೆಲ್ಲ ಬಿಳಿ ಬಟ್ಟೆ ಸುತ್ತಿದೆ. ಪಕ್ಕದಲ್ಲಿ ನಿಂತಿದ್ದ ಅವನ ಮಾವ ಎರಡೂ ಅಂಗೈ ಮರೆ ಮಾಡಿ ಸಿಗರೇಟು ಹಚ್ಚಿ ಅವನ ತುಟಿಗಿಟ್ಟರು. ಹುಡುಗ ಕಣ್ಣು ಮುಚ್ಚಿ ಎಳೆದ. ಹಣೆಯ ಮೇಲಿದ್ದ ಗಂಟು ನಾನು ನೋಡುತ್ತಿದ್ದಂತೆಯೇ ಸಡಿಲವಾಯಿತು. ಬೂದಿ ಉದುರಿ ಪಿನ್ನಿನ ಬುಡದ ಬಟ್ಟೆಯ ಮೇಲೆ ಬಿತ್ತು. ಮಾವ ಬಗ್ಗಿ ಬಾಯಿಂದ ಉಫ್ ಅಂತ ಊದಿದರು. ‘ನೋವು ತಡ್ಕೊಳ್ಳೋಕೆ ಆಗ್ತಿಲ್ಲ ಅಂತಾನೆ, ಏನ್ ಮಾಡ್ಲಿ?’ ಅಂದರು ನನ್ನ ಕಡೆ ತಿರುಗಿ.

ಅಷ್ಟರಲ್ಲಿ ರೌಂಡ್ಸ್ ಮುಗಿಸಿದ ಡಾಕ್ಟರು ಆ ದಾರಿಯಲ್ಲೇ ಬಂದರು. ನಿಂತರು, ನೋಡಿದರು. ‘ಬಿಡು ಅಂತ ಹೇಳಿದ್ದೆ ತಾನೇ? ಕಾಲು ಬೇಕೋ ಸಿಗರೇಟು ಬೇಕೋ, ನೀನೇ ತೀರ್ಮಾನ ಮಾಡು.’ ಇಷ್ಟು ಹೇಳಿ ಹೊರಟೇಹೋದರು.

ನನ್ನ ಸಿಟ್ಟು ಆ ಹುಡುಗನ ಮೇಲಲ್ಲ, ಅವನ ಮಾವನ ಮೇಲೂ ಅಲ್ಲ. ಆ ‘ಹೇಳಿದ್ದೆ ತಾನೇ’ ಅನ್ನುವ ಮಾತಿನ ಮೇಲೆ.

ನನ್ನ ಎಡಗಾಲು ಮುರಿದ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. ಒಂಬತ್ತು ತಿಂಗಳಾದರೂ ಮೂಳೆ ಕೂಡಲಿಲ್ಲ. ಪ್ರತಿ ಸಲ ಎಕ್ಸ್‌ರೇ ಬೆಳಕಿಗೆ ಹಿಡಿದಾಗಲೂ ಅದೇ ಜಾಗದಲ್ಲಿ ಅದೇ ಕಪ್ಪು ಗೆರೆ. ಕೊನೆಗೆ ಸೊಂಟದ ಮೂಳೆ ಕೆತ್ತಿ ತಂದು ಅಲ್ಲಿ ತುಂಬಿದರು. ನಿಮಗೆ ಗೊತ್ತಿಲ್ಲದ್ದು ಒಂದಿದೆ. ಆ ಒಂಬತ್ತು ತಿಂಗಳೂ ನಾನು ಸೇದುತ್ತಿದ್ದೆ. ಡಾಕ್ಟರು ‘ಬಿಟ್ಟಿದ್ದೀರಲ್ಲ?’ ಅಂತ ಕೇಳಿದಾಗಲೆಲ್ಲ ‘ಬಿಟ್ಟಿದ್ದೇನೆ ಸರ್’ ಅಂದೆ. ನನ್ನ ಅಕ್ಕ ಅಲ್ಲೇ ನಿಂತಿರುತ್ತಿದ್ದಳು. ಅವಳಿಗೆ ನಿಜ ಗೊತ್ತಿತ್ತು, ಆದರೂ ಸುಮ್ಮನಿದ್ದಳು. ನನ್ನ ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಸಾಲು ಈಗಲೂ ಬಾಯಿಪಾಠ: ‘ಧೂಮಪಾನ ನಿಲ್ಲಿಸಲು ಸೂಚಿಸಲಾಗಿದೆ’. ರಾಡಿಗೆ ಉದ್ದ ಬರೆದಿದ್ದರು, ಸ್ಕ್ರೂಗೆ ಅಳತೆ ಬರೆದಿದ್ದರು, ಮಾತ್ರೆಗೆ ಹೊತ್ತು ಬರೆದಿದ್ದರು. ಇದಕ್ಕೆ ಮಾತ್ರ ಬರೀ ‘ಸೂಚಿಸಲಾಗಿದೆ’.

ಆಮೇಲಾಮೇಲೆ ಕೂತು ಓದಿದೆ. ಓದಿದಷ್ಟೂ ಹೊಟ್ಟೆ ಉರಿಯಿತು. ಸಿಗರೇಟಿನಿಂದ ಮೂಳೆ ಕೂಡುವುದು ತಡವಾಗುತ್ತದೆ ಅನ್ನುವುದು ನಿನ್ನೆ ಮೊನ್ನೆ ಗೊತ್ತಾದ ವಿಷಯವಲ್ಲ. ಅಮೆರಿಕದಲ್ಲಿ ಕಾಲೇ ಹೋಗುವಂಥ ಗಾಯಗಳಾದವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಲೀಪ್ ಅನ್ನುವ ಅಧ್ಯಯನವೊಂದಿದೆ. ಅದರಲ್ಲಿ ಚರ್ಮ ಸೀಳಿ ಹೊರಬಂದ ಟಿಬಿಯಾ (ಮೊಣಕಾಲ ಕೆಳಗಿನ ದೊಡ್ಡ ಮೂಳೆ) ಮುರಿತದ 268 ಜನರ ಲೆಕ್ಕ 2005ರಲ್ಲಿ ಬಂತು. ಸೇದುವವರಲ್ಲಿ ಮೂಳೆ ಕೂಡುವ ಸಾಧ್ಯತೆ ಸೇದದವರಿಗಿಂತ ಶೇ. 37ರಷ್ಟು ಕಡಿಮೆ. ಸೋಂಕಿನ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಮೂಳೆಯೊಳಗೇ ಕೀವಾಗುವ ಆಸ್ಟಿಯೋಮೈಲೈಟಿಸ್ ಸಾಧ್ಯತೆ 3.7 ಪಟ್ಟು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡು ರಕ್ತದಲ್ಲಿ ಆಮ್ಲಜನಕದ ಜಾಗ ಕಸಿದುಕೊಳ್ಳುತ್ತದೆ. ಹೊಸ ಮೂಳೆ ಹುಟ್ಟಬೇಕಾದ ಜಾಗ ಉಸಿರಿಲ್ಲದೆ ಒಣಗುತ್ತದೆ. ಇಷ್ಟೆಲ್ಲ ಗೊತ್ತಿರುವುದರಿಂದಲೇ ಡಾಕ್ಟರು ಬೈಯುತ್ತಾರೆ. ಸರಿ. ಆದರೆ ಅದೇ ನಿಕೋಟಿನ್ ಮಿದುಳಿನಲ್ಲಿ ಏನು ಮಾಡುತ್ತದೆ ಅಂತಲೂ ಅಷ್ಟೇ ಚೆನ್ನಾಗಿ ಗೊತ್ತಿದೆಯಲ್ಲ? ಅರ್ಧ ವಿಜ್ಞಾನವನ್ನು ಕಾಲಿಗೆ ಕೊಟ್ಟು ಇನ್ನರ್ಧವನ್ನು ಕಪಾಟಿನಲ್ಲಿ ಬೀಗ ಹಾಕಿ ಇಟ್ಟರೆ ಹೇಗೆ?

ಒಂದು ದಮ್ಮು ಎಳೆದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ಮುಟ್ಟುತ್ತದೆ. ಅಲ್ಲಿ ಮಿದುಳಿನದೇ ಸಂದೇಶವಾಹಕ ರಾಸಾಯನಿಕವಾದ ಅಸಿಟೈಲ್‌ಕೋಲಿನ್‌ಗಾಗಿ ಇರುವ ಗ್ರಾಹಕಗಳ ಮೇಲೆ ಕೂತು, ಇನ್ನೂ ಬೇಕು ಅನ್ನಿಸುವ ಡೋಪಮಿನ್ ಹರಿಸುತ್ತದೆ. ದಿನಾ ಸೇದುವವರ ಮಿದುಳಿನಲ್ಲಿ ಆ ಗ್ರಾಹಕಗಳ ಸಂಖ್ಯೆಯೇ ಜಾಸ್ತಿಯಾಗುತ್ತದೆ. ರಕ್ತದಲ್ಲಿ ನಿಕೋಟಿನ್ ಅರ್ಧಕ್ಕೆ ಇಳಿಯಲು ಸುಮಾರು ಎರಡು ಗಂಟೆ ಸಾಕು. ಅಲ್ಲಿಂದ ತಲಬು ಶುರು. ಇದು ಗುಣನಡತೆಯ ಪ್ರಶ್ನೆ ಅಲ್ಲ, ಮಿದುಳಿನ ರಚನೆಯಲ್ಲೇ ಆಗಿರುವ ಬದಲಾವಣೆ.

ಇನ್ನು ನೋವಿನ ವಿಷಯ. ಆ ಹುಡುಗ ಸುಳ್ಳು ಹೇಳಲಿಲ್ಲ, ಇದನ್ನು ದಯವಿಟ್ಟು ಎಲ್ಲರೂ ತಿಳಿದುಕೊಳ್ಳಿ. ನಿಕೋಟಿನ್ ಸ್ವಲ್ಪ ಹೊತ್ತು ನೋವನ್ನು ನಿಜವಾಗಿಯೂ ತಗ್ಗಿಸುತ್ತದೆ. ಹಣೆಯ ಗಂಟು ಸಡಿಲವಾದದ್ದನ್ನು ನಾನೇ ನೋಡಿದೆ, ನನ್ನ ಹಣೆಯಲ್ಲೂ ಅನುಭವಿಸಿದ್ದೇನೆ. ನಿಕೋಟಿನ್ ಇಳಿಯುತ್ತಿದ್ದಂತೆ ನೋವು ಮೊದಲಿಗಿಂತ ಚುರುಕಾಗಿ ಏಳುತ್ತದೆ. ಆಗ ಕೈ ಮತ್ತೆ ಸಿಗರೇಟಿಗೇ ಹೋಗುತ್ತದೆ. ನೋವು ಹೆಚ್ಚಾದರೆ ಸೇದುವ ಆಸೆ ಹೆಚ್ಚಾಗುತ್ತದೆ ಅನ್ನುವುದನ್ನು ಪ್ರಯೋಗದಲ್ಲೇ ತೋರಿಸಿದ್ದಾರೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಹೊಸದಾಗಿ ಬೆನ್ನುನೋವು ಶುರುವಾದ 160 ಜನರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಸೇದುವವರಲ್ಲಿ ಆ ನೋವು ಬಿಡದೆ ಉಳಿದುಬಿಡುವ ಸಾಧ್ಯತೆ ಮೂರು ಪಟ್ಟಿನಷ್ಟಿತ್ತು. ಬಯಕೆ ಹುಟ್ಟುವ, ಚಟ ಬೇರೂರುವ ಮಿದುಳಿನ ದಾರಿಗಳಲ್ಲೇ ನೋವೂ ಬೇರು ಬಿಡುತ್ತಿತ್ತು.

ಇನ್ಸುಲಾ ಅಂತ ಮಿದುಳಿನ ಮಡಿಕೆಯೊಳಗೆ ಅಡಗಿರುವ ಒಂದು ಭಾಗವಿದೆ. ದೇಹದೊಳಗಿನ ಸ್ಥಿತಿಯನ್ನು ನಮಗೆ ಅರಿವಿಗೆ ತರುವ ಜಾಗ ಅದು, ನೋವೂ ಅಲ್ಲಿಗೆ ಬರುತ್ತದೆ. 2007ರಲ್ಲಿ ಸಂಶೋಧಕರಾದ ನಖ್ವಿ, ಬೆಚಾರಾ ಮತ್ತವರ ಸಂಗಡಿಗರು ಮಿದುಳಿಗೆ ಪೆಟ್ಟಾಗಿದ್ದ 69 ಜನ ಧೂಮಪಾನಿಗಳನ್ನು ಪರಿಶೀಲಿಸಿದರು. ಅವರಲ್ಲಿ 19 ಜನರಿಗೆ ಇನ್ಸುಲಾ ಹಾಳಾಗಿತ್ತು. ಅಂಥವರಲ್ಲಿ ಹಲವರಿಗೆ ಚಟ ಸಲೀಸಾಗಿ, ಮರಳಿ ಬಾರದ ಹಾಗೆ ಬಿಟ್ಟುಹೋಗಿತ್ತು. ದಿನಕ್ಕೆ ನಲವತ್ತು ಸೇದುತ್ತಿದ್ದ ಒಬ್ಬರು ಪಾರ್ಶ್ವವಾಯು ಹೊಡೆದ ಮೇಲೆ ಒಮ್ಮೆಗೇ ನಿಲ್ಲಿಸಿದರಂತೆ. ಸೇದಬೇಕು ಅನ್ನುವುದನ್ನೇ ನನ್ನ ದೇಹ ಮರೆತುಬಿಟ್ಟಿತು ಅಂದರಂತೆ. ಇದನ್ನು ಮೊದಲ ಸಲ ಓದಿದ ದಿನ ನಾನು ಅತ್ತಿದ್ದೆ. ಒಂಬತ್ತು ತಿಂಗಳು ನನ್ನನ್ನು ನಾನೇ ಕೈಲಾಗದವನು, ನಾಚಿಕೆಗೆಟ್ಟವನು ಅಂತ ಬೈದುಕೊಂಡಿದ್ದೆ. ದೇಹ ನೆನಪಿಟ್ಟುಕೊಂಡಿದ್ದನ್ನು ಡಾಕ್ಟರ ಒಂದು ಸಾಲು ಹೇಗೆ ಮರೆಸುತ್ತದೆ?

ಸಂಜೆ ಗೆಳೆಯನಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. ಅವನು ಕೇಳಿದ, ‘ಡಾಕ್ಟರಿಗೆ ಪುರುಸೊತ್ತು ಎಲ್ಲಿದೆ? ರೋಗಿಗೂ ಒಂದು ಜವಾಬ್ದಾರಿ ಬೇಡವಾ?’ ಬೇಕು. ಆದರೆ ಜವಾಬ್ದಾರಿಯ ಮಾತು ಆಡುವವರು ಕೈಗೆ ಏನನ್ನಾದರೂ ಕೊಟ್ಟು ಆಡಲಿ. ಸಕ್ಕರೆ ಕಾಯಿಲೆ ಇರುವವರಿಗೆ ಆಪರೇಷನ್ ಮಾಡುವಾಗ ‘ಸಕ್ಕರೆ ಇಳಿಸಿಕೋ ಅಂತ ಹೇಳಿದ್ದೆ ತಾನೇ’ ಅಂತ ಹೇಳಿ ಹೋಗುತ್ತಾರಾ? ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡುತ್ತಾರೆ, ಇನ್ಸುಲಿನ್ ಕೊಡುತ್ತಾರೆ. ಪುರುಸೊತ್ತಿನ ಮಾತಿಗೂ ಉತ್ತರವಿದೆ. ಡೆನ್ಮಾರ್ಕಿನಲ್ಲಿ ಮಂಡಿ, ಸೊಂಟದ ಕೀಲು ಬದಲಿಸುವ ಮುಂಚೆ ಆರೆಂಟು ವಾರ ನರ್ಸೊಬ್ಬರು ಕೂತು ಮಾತಾಡಿ, ನಿಕೋಟಿನ್ ಬದಲಿ ಔಷಧಿ ಕೊಟ್ಟು ನೋಡಿದರು. 120 ಜನರ ಆ ಅಧ್ಯಯನ 2002ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೆರವು ಸಿಕ್ಕವರಲ್ಲಿ ತೊಡಕುಗಳು ಶೇ. 18, ಸಿಗದವರಲ್ಲಿ ಶೇ. 52. ಅದೇನೋ ದಿನ ಮೊದಲೇ ನಿಗದಿಯಾಗಿರುವ ಆಪರೇಷನ್ ಅನ್ನಬಹುದು, ಮೂಳೆ ಮುರಿಯುವುದು ಹೇಳಿ ಕೇಳಿ ಬರಲ್ಲ. ಅದನ್ನೂ ಮಾಡಿ ನೋಡಿದ್ದಾರೆ. ಸ್ಟಾಕ್‌ಹೋಮಿನಲ್ಲಿ ಮುರಿತಕ್ಕೆ ತುರ್ತು ಆಪರೇಷನ್ ಆದವರಿಗೆ, ಆದ ಮೇಲೆಯೇ ಶುರುಮಾಡಿ ಆರು ವಾರ ನೆರವು ಕೊಟ್ಟರು. 2010ರ ವರದಿ. ತೊಡಕು ಶೇ. 38 ಇದ್ದದ್ದು ನೆರವು ಪಡೆದವರಲ್ಲಿ ಶೇ. 20ಕ್ಕೆ ಇಳಿಯಿತು. ಮುರಿದ ಮೇಲೂ ತಡವಾಗಿಲ್ಲ ಅಂತ ಅರ್ಥ. ಒಬ್ಬ ನರ್ಸು, ಒಂದು ಫೋನು, ಚರ್ಮಕ್ಕೆ ಅಂಟಿಸುವ ಒಂದಿಷ್ಟು ನಿಕೋಟಿನ್ ಪ್ಯಾಚು. ಟೈಟಾನಿಯಂ ರಾಡಿನ ಮುಂದೆ ಇದು ಯಾವ ದೊಡ್ಡ ಖರ್ಚು?

ಪ್ಯಾಚಿನಲ್ಲೂ ನಿಕೋಟಿನ್ನೇ ಇದೆಯಲ್ಲ, ಅದೂ ಮೂಳೆಗೆ ಕೆಟ್ಟದ್ದಲ್ಲವಾ ಅಂತ ಕೇಳುವವರಿದ್ದಾರೆ. ಪ್ರಾಣಿಗಳ ಮೇಲಿನ ಕೆಲವು ಪ್ರಯೋಗಗಳಲ್ಲಿ ಅಂಥ ಸೂಚನೆ ಇರುವುದು ನಿಜ. ಆದರೆ ಪ್ಯಾಚಿನಲ್ಲಿ ಹೊಗೆಯಿಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ, ದಮ್ಮಿಗೊಮ್ಮೆ ಮಿದುಳಿಗೆ ನುಗ್ಗುವ ಏಟೂ ಇಲ್ಲ. ಮೇಲಾಗಿ ಪ್ಯಾಚು ಕೊಡದಿದ್ದರೆ ಆ ಹುಡುಗ ಏನೂ ಇಲ್ಲದೆ ಇರುತ್ತಾನಾ? ಹಿಂಬದಿಯ ಮೆಟ್ಟಿಲ ಹತ್ತಿರ ಇರುತ್ತಾನೆ. ನಿಕೋಟಿನ್ ಬೇಡವೇ ಬೇಡ ಅನ್ನುವುದಾದರೆ ಚಟ ಬಿಡಲು ನೆರವಾಗುವ ಮಾತ್ರೆಗಳಿವೆ: ವರೆನಿಕ್ಲಿನ್ ಇದೆ, ಬುಪ್ರೊಪಿಯಾನ್ ಇದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎರಡನ್ನೂ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ.

ಡಾಕ್ಟರು ಹೋದ ಮೇಲೆ ಹುಡುಗನ ಪಕ್ಕ ಮೆಟ್ಟಿಲ ಮೇಲೆ ಕೂತೆ. ನನ್ನ ಪ್ಯಾಂಟು ಮೇಲಕ್ಕೆಳೆದು ಕಾಲು ತೋರಿಸಿದೆ. ಗಾಯದ ಗುರುತನ್ನು ತುಂಬಾ ಹೊತ್ತು ನೋಡಿದ. ಆಮೇಲೆ, ನನ್ನನ್ನು ಯಾರೂ ಕೇಳದ ಆ ಒಂದು ಪ್ರಶ್ನೆ ಕೇಳಿದೆ. ‘ಬೆಳಿಗ್ಗೆ ಎದ್ದ ಮೇಲೆ ಮೊದಲನೇ ಸಿಗರೇಟು ಎಷ್ಟು ಹೊತ್ತಿಗೆ?’ ಚಟ ಎಷ್ಟು ಆಳಕ್ಕೆ ಇಳಿದಿದೆ ಅಂತ ತಿಳಿಯಲು ಇದಕ್ಕಿಂತ ಸುಲಭದ ಪ್ರಶ್ನೆಯಿಲ್ಲ. ಐದು ನಿಮಿಷದೊಳಗೆ ಅಂದರೆ ತುಂಬಾ ಆಳ.

‘ಬೆಳಿಗ್ಗೆ ತನಕ ಎಲ್ಲಿ ಅಣ್ಣಾ, ರಾತ್ರಿ ಎರಡೂವರೆಗೇ ಎಚ್ಚರ ಆಗಿಬಿಡುತ್ತೆ’ ಅಂದ. ‘ಕಾಲು ನೋವಿಗೆ ಎಚ್ಚರ ಆಯ್ತೋ ಅದಕ್ಕೆ ಆಯ್ತೋ ನಂಗೇ ಗೊತ್ತಾಗಲ್ಲ.’

ಹನ್ನೊಂದು ದಿನದಿಂದ ವಾರ್ಡಿನಲ್ಲಿದ್ದಾನೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ನಾನು ಹೋಗಿ ಡ್ಯೂಟಿಯಲ್ಲಿದ್ದ ಸಿಸ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. ಅವನ ಫೈಲು ತೆಗೆದು ಎಲ್ಲಿ ಬರೆಯಬೇಕು ಅಂತ ಹುಡುಕಿದರು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಬರೆಯುವ ಕಾಲಂ ಇತ್ತು, ಜ್ವರಕ್ಕಿತ್ತು, ಬಿಪಿಗಿತ್ತು. ಇದಕ್ಕೆ ಜಾಗವಿರಲಿಲ್ಲ. ಕೊನೆಗೆ ನೋವಿನ ಕಾಲಮ್ಮಿನ ಪಕ್ಕ, ಹಾಳೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದುಕೊಂಡರು: ‘ರಾತ್ರಿ 2.30, ಎಚ್ಚರ. ಸಿಗರೇಟು?’