ಒಳ್ಳೆ ಮೆಣಸು

ನಮ್ಮ ಮನೆಯಲ್ಲಿ ಪೊಂಗಲ್ ಮಾಡಿದ ದಿನ ಮಗಳು ಕಾಳುಮೆಣಸನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾಳೆ. ಸಿಹಿ ಇಲ್ಲ, ನೋಡೋಕೂ ಚೆಂದ ಇಲ್ಲ, ಬರೀ ಖಾರ, ಇದನ್ನ ಯಾಕೆ ಹಾಕ್ತೀರಾ ಅನ್ನುವುದು ಅವಳ ತಕರಾರು.

ತಮಾಷೆ ಅಂದರೆ, ಸುಮಾರು 2000 ವರ್ಷದ ಹಿಂದೆ ರೋಮಿನ ಲೇಖಕ ಪ್ಲಿನಿ ಬರೆದಿಟ್ಟದ್ದೂ ಇದನ್ನೇ. ಇರುವುದು ಖಾರ ಒಂದೇ, ಅದಕ್ಕೋಸ್ಕರ ಇಂಡಿಯಾವರೆಗೆ ಹೋಗಬೇಕಾ ಅಂತ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಇಂಡಿಯಾದ ಪಾಲಾಗುತ್ತಿದೆ ಅಂತಲೂ ಗೊಣಗಿದ್ದ. ಗೊಣಗಿದರೇನು, ಯಾರೂ ಮೆಣಸು ಬಿಡಲಿಲ್ಲ.

ಬಿಡದೇ ಇರೋಕೆ ಎಷ್ಟು ಪಾಡು ನೋಡಿ. ಈಜಿಪ್ಟಿನ ಕೆಂಪು ಸಮುದ್ರದ ಬಂದರಿನಿಂದ ಜುಲೈ ಹೊತ್ತಿಗೆ ಹಡಗು ಬಿಟ್ಟು, ನಮಗೆ ಮಳೆ ತರುವ ಅದೇ ಮುಂಗಾರು ಗಾಳಿಯನ್ನು ಹಾಯಿಗೆ ತುಂಬಿಕೊಂಡು ಕೇರಳದ ಮುಜಿರಿಸ್ ಬಂದರು ಸೇರಿ, ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಇಲ್ಲೇ ಕಾದು, ವಾಪಸ್ ಹೋಗಿ, ಮರುಭೂಮಿಯಲ್ಲಿ ಒಂಟೆ ಮೇಲೆ ಹೇರಿ, ನೈಲ್ ನದಿಯಲ್ಲಿ ದೋಣಿಗೆ ಹಾಕಿ, ಅಲೆಕ್ಸಾಂಡ್ರಿಯಾದಲ್ಲಿ ಮತ್ತೆ ಹಡಗು ಹತ್ತಿಸಬೇಕು. ಕೆಂಪು ಸಮುದ್ರದ ಆ ಬಂದರುಗಳಲ್ಲಿ ಒಂದಾದ ಬೆರೆನಿಕೆಯನ್ನು ಅಗೆದಾಗ ದೇವಸ್ಥಾನದ ಜಾಗದಲ್ಲಿ ಇಂಡಿಯಾದ್ದೇ ಒಂದು ದೊಡ್ಡ ಮಣ್ಣಿನ ಹರವಿ ಸಿಕ್ಕಿತು, ಒಳಗೆ ಏಳೂವರೆ ಕಿಲೋ ಕರಿಮೆಣಸು. ಇದನ್ನು ಅಮ್ಮನಿಗೆ ಹೇಳಿದೆ. "ಹುಳ ಬಿದ್ದಿರಲಿಲ್ವಾ?" ಅಂದರು.

408ರಲ್ಲಿ ರೋಮ್‌ಗೆ ಮುತ್ತಿಗೆ ಹಾಕಿದ ಗೋಥರ ದೊರೆ ಅಲಾರಿಕ್ ಚಿನ್ನ, ಬೆಳ್ಳಿ, ರೇಷ್ಮೆ ಜೊತೆ 3000 ರೋಮನ್ ಪೌಂಡ್ ಮೆಣಸನ್ನೂ ಕೇಳಿದ. ಹತ್ತಿರ ಹತ್ತಿರ ಒಂದು ಟನ್! ಅಷ್ಟು ಸಾರು ಯಾರು ಕುಡೀತಾರೆ?

ನನಗೆ ಮಾತ್ರ ಜಾಸ್ತಿ ಕಾಡುವುದು ಹೆಸರಿನ ಗಲಾಟೆ. ಸಂಸ್ಕೃತದ ಪಿಪ್ಪಲಿ, ಅಂದರೆ ನಮ್ಮ ಹಿಪ್ಪಲಿ, ಗ್ರೀಕರ ಬಾಯಲ್ಲಿ ಪೆಪೆರಿ, ರೋಮನ್ನರಲ್ಲಿ ಪಿಪೆರ್, ಕೊನೆಗೆ ಇಂಗ್ಲಿಷಿನ ಪೆಪ್ಪರ್ ಆಯಿತು. ರೋಮಿನಲ್ಲಿ ಒಂದು ಪೌಂಡ್ ಹಿಪ್ಪಲಿಗೆ 15 ದಿನಾರ, ಕರಿಮೆಣಸಿಗೆ ಬರೀ 4. ಹೆಸರು ದುಬಾರಿಯವಳದು, ಅದನ್ನು ಹೊತ್ತು ಊರೂರು ಮೆರೆದವಳು ಅಗ್ಗದವಳು. ಪಾಪ, ಹಿಪ್ಪಲಿ ಈಗ ಗ್ರಂಥಿಗೆ ಅಂಗಡಿಯ ಡಬ್ಬಿಯಲ್ಲಿ, ಕೆಮ್ಮು ಬಂದವರಿಗೆ ಕಾಯುತ್ತಾ ಕೂತಿದೆ.

ಊರಿನಲ್ಲಿ ಮೆಣಸಿಗೂ ಅದೇ ಗತಿಯಾಯಿತು. ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಕಡೆಯಿಂದ ಕಾಯಿಯೊಂದು ಬಂತು. ಅದಕ್ಕೆ ಮೆಣಸಿನಕಾಯಿ ಅಂದೆವು. ಕರಾವಳಿಯಲ್ಲಂತೂ ಮೆಣಸು ಅಂದರೆ ಈಗ ಆ ಕಾಯಿಯೇ. ಹಳೇ ಮೆಣಸು ತನ್ನ ಮನೆಯಲ್ಲೇ "ಒಳ್ಳೆ ಮೆಣಸು" ಅಂತ ಹೇಳಿಸಿಕೊಳ್ಳಬೇಕು.

ಇದನ್ನೆಲ್ಲ ಮಗಳಿಗೆ ಉತ್ಸಾಹದಿಂದ ವಿವರಿಸಿದೆ. ಕೇಳಿದಳು. ಆಮೇಲೆ ಇನ್ನೊಂದು ಕಾಳು ಅಂಚಿಗೆ ಸರಿಸಿ, "ಒಳ್ಳೇದಾದ್ರೆ ನೀನೇ ತಿನ್ನು" ಅಂದಳು.