ಕ್ರಿಮಿ ಇಲ್ಲದ ಕಾಯಿಲೆಗೆ ಪೋಸ್ಟರ್ ಮದ್ದು

ಗಾಯದ ದೊಡ್ಡ ತೊಂದರೆ ಏನೆಂದರೆ, ಅದಕ್ಕೊಂದು ಕ್ರಿಮಿ ಇಲ್ಲ. ಇದ್ದಿದ್ದರೆ ಅದಕ್ಕೊಂದು ನಾಲಿಗೆ ಹೊರಳದ ಹೆಸರು ಇರುತ್ತಿತ್ತು. ಮೈತುಂಬಾ ಮುಳ್ಳಿರುವ ಬಣ್ಣದ ಚಿತ್ರ ಇರುತ್ತಿತ್ತು. ಟಿವಿಯವರು ಅದನ್ನು ಗಿರಗಿರ ತಿರುಗಿಸಿ ತೋರಿಸುತ್ತಿದ್ದರು. ವರ್ಷಕ್ಕೆ ಸುಮಾರು 44 ಲಕ್ಷ ಜನರನ್ನು ಕೊಲ್ಲುವ ಕ್ರಿಮಿ ಅಂದರೆ ಕೇಳಬೇಕೇ? ಗಡಿಗಳು ಮುಚ್ಚುತ್ತಿದ್ದವು, ಲಸಿಕೆಗೆ ಪೈಪೋಟಿ ನಡೆಯುತ್ತಿತ್ತು.

ಆದರೆ ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಈ 44 ಲಕ್ಷದಲ್ಲಿ ಇರುವವರು ಯಾರು? ರಸ್ತೆಯಲ್ಲಿ ಸತ್ತವರು, ಬಿದ್ದು ಸತ್ತವರು, ನೀರಲ್ಲಿ ಮುಳುಗಿದವರು, ಬೆಂಕಿಗೆ ಸಿಕ್ಕವರು, ಇನ್ನೊಬ್ಬರ ಕೈಯಲ್ಲಿ ಕೊಲೆಯಾದವರು, ತಮ್ಮ ಜೀವ ತಾವೇ ತೆಗೆದುಕೊಂಡವರು. ಜಗತ್ತಿನ ಒಟ್ಟು ಸಾವಿನಲ್ಲಿ ಹೆಚ್ಚುಕಮ್ಮಿ ಶೇಕಡಾ 8. ಇಷ್ಟು ದೊಡ್ಡ ಕಾಯಿಲೆಗೆ ಮನುಕುಲ ಕಂಡುಹಿಡಿದಿರುವ ಮದ್ದು ಒಂದೇ: "ಹುಷಾರು!"

ಮದ್ದು ಮಾತ್ರ ಬಹಳ ಸೊಗಸಾದದ್ದು. ಅಡ್ಡ ಪರಿಣಾಮ ಇಲ್ಲ, ಅವಧಿ ಮುಗಿಯುವ ಭಯ ಇಲ್ಲ, ಫ್ರಿಜ್ಜಿನಲ್ಲಿ ಇಡಬೇಕಾಗಿಲ್ಲ. ಮುದ್ರಣದ ಖರ್ಚು ಬಿಟ್ಟರೆ ಬೇರೆ ಖರ್ಚೂ ಇಲ್ಲ. ಅದನ್ನು ಸೇವಿಸಬೇಕಾದವರು ಸಾಯುವ ಸಾಧ್ಯತೆ ಇರುವವರೇ. ರಸ್ತೆ ಕಟ್ಟಿದವರು, ಗಾಡಿ ಮಾಡಿದವರು, ಕಾನೂನು ಬರೆದವರು ಇದನ್ನು ಬರೀ ಹಂಚಿದರೆ ಸಾಕು, ನುಂಗಬೇಕಾಗಿಲ್ಲ.

ಇದೇ ಮದ್ದನ್ನು ಕಾಲರಾಕ್ಕೆ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಸುಮ್ನೆ ಯೋಚಿಸಿ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಸುತ್ತ ಜನ ಕಾಲರಾದಿಂದ ಸಾಯುತ್ತಿದ್ದರು. ಜಾನ್ ಸ್ನೋ ಎಂಬ ವೈದ್ಯ ಮನೆಮನೆ ಸುತ್ತಿ, ಸತ್ತವರ ಲೆಕ್ಕ ಹಾಕಿ, ಒಂದು ಪಂಪಿನ ನೀರಿನ ಮೇಲೆ ಬೆರಳು ತೋರಿಸಿದ. ಆ ಬಡಾವಣೆಯ ಆಡಳಿತ ನೋಡುತ್ತಿದ್ದ ಪ್ಯಾರಿಷ್ ಮಂಡಳಿಯವರು ಆ ಪಂಪಿನ ಹಿಡಿಯನ್ನೇ ಬಿಚ್ಚಿಸಿದರು. (ಅಷ್ಟು ಹೊತ್ತಿಗೆ ರೋಗ ಇಳಿಯತೊಡಗಿತ್ತು ಅನ್ನುವವರಿದ್ದಾರೆ. ಇರಲಿ, ಹಿಡಿಯಂತೂ ಹೋಯಿತು.)

ಈಗಿನ ಸುರಕ್ಷತಾ ಸಮಿತಿಯವರು ಅಲ್ಲಿದ್ದಿದ್ದರೆ ಇಂಥ ಅವಸರದ ಕೆಲಸ ಆಗಲು ಬಿಡುತ್ತಿರಲಿಲ್ಲ. "ಹಿಡಿ ಬಿಚ್ಚುವುದಾ? ಮೊದಲು ಕುಡಿಯುವವರ ನಡವಳಿಕೆ ಸರಿಹೋಗಬೇಕು ಸ್ವಾಮಿ" ಅನ್ನುತ್ತಿದ್ದರು. ನೀರು ಕುಡಿಯುವ ಜಾಗೃತಿ ಸಪ್ತಾಹ ನಡೆಯುತ್ತಿತ್ತು. ಮಕ್ಕಳಿಗೆ ಚಿತ್ರಕಲಾ ಸ್ಪರ್ಧೆ ಇರುತ್ತಿತ್ತು. ಪಂಪಿನ ಪಕ್ಕದಲ್ಲೇ ಒಂದು ಫಲಕ: "ನೋಡಿ ಕುಡಿದರೆ ಬಾಳು, ನೋಡದೆ ಕುಡಿದರೆ ಗೋಳು." ಪ್ರಾಸ ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಉಪಸಮಿತಿ. ಅಷ್ಟಾದ ಮೇಲೂ ಯಾರಾದರೂ ಸತ್ತರೆ ವರದಿಯಲ್ಲಿ ಒಂದೇ ಸಾಲು: "ಕಾರಣ: ಕುಡಿದವರ ನಿರ್ಲಕ್ಷ್ಯ."

ತಮಾಷೆ ಅನ್ನಿಸಿತಾ? ಹಾಗಾದರೆ ರಸ್ತೆಗೆ ಬನ್ನಿ.

ಒಂದು ಕಡೆ ಮನೆಗಳು, ಇನ್ನೊಂದು ಕಡೆ ಶಾಲೆ. ನಡುವೆ ಆರು ಪಥದ ರಸ್ತೆ. ಗೆರೆ ಎಳೆದ ಹಾಗೆ ನೇರ, ತಿರುವಿಲ್ಲ, ಉಬ್ಬಿಲ್ಲ, ಅಗಲವೋ ಅಗಲ. ಕಾಲುದಾರಿ ಮಾತ್ರ ಮರೆತುಹೋಗಿದೆ. ಇಂಥ ರಸ್ತೆ ಚಾಲಕನ ಬಲಗಾಲಿಗೆ "ಒತ್ತು, ಇನ್ನೂ ಒತ್ತು" ಅಂತ ಕಿವಿಯಲ್ಲಿ ಊದುತ್ತಲೇ ಇರುತ್ತದೆ. ಅಂಚಿನಲ್ಲಿ ತಟ್ಟೆಯಷ್ಟಗಲದ ಬೋರ್ಡೊಂದು "40" ಅನ್ನುತ್ತದೆ. ಯಾರ ಮಾತು ನಡೆಯುತ್ತದೆ ಹೇಳಿ? ಸರಾಸರಿ ವೇಗ ಶೇಕಡಾ 1ರಷ್ಟು ಏರಿದರೆ ಜೀವ ತೆಗೆಯುವ ಅಪಘಾತದ ಸಾಧ್ಯತೆ ಶೇಕಡಾ 4ರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ. ಬೋರ್ಡಿನವರು ಅದನ್ನೂ ಒಂದು ಬೋರ್ಡ್ ಮಾಡಿಸಿ ನೆಟ್ಟಾರು.

ದಾಟುವ ಜಾಗ ಬಹಳ ದೂರದಲ್ಲಿದೆ. ಶಾಲೆಯ ಗಂಟೆ ಹೊಡೆದಾಗಿದೆ. ಮಗು ಓಡುತ್ತದೆ.

ಆಮೇಲೆ ಫಾರಂ ತುಂಬುತ್ತಾರೆ. ಅದರಲ್ಲಿ "ಕಾರಣ" ಅನ್ನುವ ಕಾಲಂ ಇದೆ, ಒಂದು ಗೆರೆಯಷ್ಟು ಜಾಗ. "ಪಾದಚಾರಿ ದಿಢೀರ್ ಅಡ್ಡ ಬಂದಿದ್ದು" ಅನ್ನುವುದು ಆ ಜಾಗಕ್ಕೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತದೆ. ಆರು ಪಥದ ರಸ್ತೆ ಹಿಡಿಸುವಷ್ಟು ಜಾಗ ಅಲ್ಲೆಲ್ಲಿದೆ? ಹಾಗಾಗಿ ರಸ್ತೆ ನಿರಪರಾಧಿ. ಮಗುವಿನ ಮೇಲೆ ಮಾತ್ರ ಅಜಾಗರೂಕತೆಯ ಆರೋಪ. ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣವೇ ರಸ್ತೆ. ಅಷ್ಟೊಂದು ಮಕ್ಕಳು, ಅಷ್ಟೊಂದು ಹುಡುಗರು ಒಟ್ಟಿಗೇ ಅಜಾಗರೂಕರಾಗಿ ಹುಟ್ಟಿದ್ದು ಹೇಗೆ ಅಂತ ಆ ಫಾರಮ್ಮು ಕೇಳುವುದಿಲ್ಲ. ರಸ್ತೆ ಸಾವಿನಲ್ಲಿ ಶೇಕಡಾ 92 ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ ಆಗುತ್ತದೆ, ವಾಹನಗಳು ಅಲ್ಲಿರುವುದು ಶೇಕಡಾ 60ರಷ್ಟು ಮಾತ್ರ. ಅಜಾಗರೂಕತೆಯೂ ತಲಾ ಆದಾಯ ನೋಡಿಕೊಂಡೇ ಬರುತ್ತದೆ ಅಂತ ಕಾಣುತ್ತದೆ.

ಸ್ವೀಡನ್ನಿನ ಸಂಸತ್ತು 1997ರಲ್ಲಿ ಒಂದು ವಿಚಿತ್ರ ನೀತಿಗೆ ಒಪ್ಪಿಗೆ ಕೊಟ್ಟಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಮರಣದಂಡನೆ ಆಗದ ಹಾಗೆ ರಸ್ತೆ ಕಟ್ಟಬೇಕು ಅಂತ. ವಿಷನ್ ಝೀರೋ ಅಂತ ಅದರ ಹೆಸರು. ಹೊಗಳಿದವರು ಬಹಳ, ಪೂರ್ತಿ ಪಾಲಿಸಿದವರು ಕಮ್ಮಿ. ಯಾಕೆ ಅಂದರೆ ಈ ನೀತಿಯಲ್ಲಿ ಬೈಯಲು ಯಾರೂ ಸಿಗುವುದಿಲ್ಲ. ಬೈಯಲು ಯಾರೂ ಇಲ್ಲದ ಸಪ್ತಾಹಕ್ಕೆ ಭಾಷಣಕಾರರು ಹೇಗೆ ಒಪ್ಪುತ್ತಾರೆ?

ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆಯವರಿಗೆ ಇದಕ್ಕೂ ಮುಂಚೆ ಇನ್ನೊಂದು ಸತ್ಯ ಹೊಳೆದಿತ್ತು. ಅಲ್ಲಿ ಪುಟ್ಟ ಮಕ್ಕಳು ಎತ್ತರದ ಕಿಟಕಿಗಳಿಂದ ಬಿದ್ದು ಸಾಯುತ್ತಿದ್ದರು. 1972ರಲ್ಲಿ ಇಲಾಖೆ ಶುರುಮಾಡಿದ ಕಾರ್ಯಕ್ರಮದ ಹೆಸರು "ಮಕ್ಕಳಿಗೆ ಹಾರಲು ಬರುವುದಿಲ್ಲ". ಇಷ್ಟನ್ನು ಒಂದು ಸರ್ಕಾರಿ ಇಲಾಖೆ ಅಧಿಕೃತವಾಗಿ ಒಪ್ಪಿಕೊಂಡಿತಲ್ಲ, ಅದೇ ದೊಡ್ಡದು. ಒಪ್ಪಿಕೊಂಡ ಮೇಲೆ ಕಿಟಕಿಗೆ ಸರಳು ಹಾಕಲೇಬೇಕಾಯಿತು. 1976ರಲ್ಲಿ ಕಟ್ಟಡದ ಮಾಲೀಕರಿಗೆ ಅದು ಕಡ್ಡಾಯ ಆಯಿತು, ಬೀಳುವುದೂ ಕಮ್ಮಿ ಆಯಿತು. ಇವತ್ತಿಗೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಅವರಲ್ಲಿ ವಯಸ್ಸಾದವರೇ ಜಾಸ್ತಿ. ಹಿರಿಯರಿಗೂ ಹಾರಲು ಬರುವುದಿಲ್ಲ ಅನ್ನುವ ಸುದ್ದಿ ಎಲ್ಲ ಇಲಾಖೆಗಳಿಗೂ ಇನ್ನೂ ತಲುಪಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಗೆಯಾಡುವುದು ಬೇಡ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂತು. 1995ರಿಂದ 2015ರ ನಡುವೆ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡಾ 70ರಷ್ಟು ಇಳಿಯಿತು. ಸಂಕಟದ ಗಳಿಗೆಯಲ್ಲಿ ವಿಷ ಕೈಗೆ ಸಿಗಲಿಲ್ಲ, ಗಳಿಗೆ ದಾಟಿತು, ಜನ ಉಳಿದರು. ಯಾರಿಗೂ ಧೈರ್ಯದ ಪಾಠ ಹೇಳಬೇಕಾಗಲಿಲ್ಲ.

ಹಿಂಸೆಯ ವಿಷಯಕ್ಕೆ ಬಂದರೆ "ಹುಷಾರು" ಮದ್ದಿನ ಡೋಸ್ ಇನ್ನೂ ಜಾಸ್ತಿ. ಹೆಣ್ಣುಮಕ್ಕಳಿಗಂತೂ ದಿನಕ್ಕೆ ಮೂರು ಹೊತ್ತು. ಕತ್ತಲಾದ ಮೇಲೆ ಹೊರಗೆ ಹೋಗಬೇಡಿ. ಒಬ್ಬರೇ ಓಡಾಡಬೇಡಿ. ಗುರುತಿಲ್ಲದವರ ಜೊತೆ ಮಾತು ಬೇಡ. ಫೋನಿನಲ್ಲಿ ಚಾರ್ಜ್ ಇರಲಿ. ಬೇಗ ಮನೆ ಸೇರಿಕೊಳ್ಳಿ.

ಈಗ ವಿಶ್ವಸಂಸ್ಥೆಯ ಲೆಕ್ಕ ನೋಡಿ. 2023ರಲ್ಲಿ ಜಗತ್ತಿನಾದ್ಯಂತ ಬೇಕೆಂದೇ ಕೊಂದ ಹೆಂಗಸರು ಮತ್ತು ಹುಡುಗಿಯರ ಸಂಖ್ಯೆ ಸುಮಾರು 85,000. ಅವರಲ್ಲಿ ಸುಮಾರು 51,100 ಮಂದಿಯನ್ನು ಕೊಂದವರು ಗಂಡ, ಸಂಗಾತಿ, ಇಲ್ಲವೇ ಮನೆಯವರೇ. ದಿನಕ್ಕೆ 140 ಜನ. ಅಂದರೆ ನಾವು "ಬೇಗ ಮನೆ ಸೇರಿಕೊಳ್ಳಿ" ಅಂತ ಅಟ್ಟುತ್ತಿರುವುದು ಎಲ್ಲಿಗೆ? ಲೆಕ್ಕಕ್ಕೆ ಬೆಲೆ ಕೊಡುವುದಾದರೆ ಪೋಸ್ಟರ್ ಹೀಗಿರಬೇಕು: "ಮನೆಯೊಳಗೆ ಒಬ್ಬರೇ ಹೋಗಬೇಡಿ. ಗುರುತಿನವರನ್ನು ಕಂಡರೆ ಹುಷಾರು. ಅಪಾಯ ಅನ್ನಿಸಿದರೆ ಕೂಡಲೇ ಬೀದಿಗೆ ಬನ್ನಿ." ಇದನ್ನು ಅಂಟಿಸಬೇಕಾದ ಜಾಗ ಬಾಗಿಲಿನ ಒಳಮೈ. ಅಲ್ಲಿ ಅಂಟಿಸಲು ಸಮಿತಿಯವರು ಹೋಗುವುದಿಲ್ಲ, ಅದು ಅವರವರ ಮನೆ ವಿಚಾರ ಅಲ್ವಾ? ಬದುಕಿನಲ್ಲಿ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡ ಹೆಂಗಸರು ಜಗತ್ತಿನಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರು. ಇಷ್ಟೊಂದು ಮನೆಗಳಲ್ಲಿ ಒಂದೇ ಥರ ನಡೆಯುವ "ಮನೆ ವಿಚಾರ" ಬೇರೆ ಯಾವುದಾದರೂ ಇದೆಯೇ? "ಹೊಡೆಯಬೇಡಿ" ಅಂತ ಹೊಡೆಯುವವರಿಗೇ ಹೇಳುವ ಪೋಸ್ಟರ್ ಹುಡುಕಬೇಕಾಗುತ್ತದೆ. ಪಾಪ, ಅವರ ಮನಸ್ಸಿಗೆ ನೋವಾಗಬಾರದು.

ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ಜೊನಾಥನ್ ಶೆಫರ್ಡ್ ಎಂಬ ಶಸ್ತ್ರವೈದ್ಯರಿದ್ದರು. ಜಗಳಗಳಲ್ಲಿ ಒಡೆದ ಮುಖಗಳನ್ನು ಹೊಲಿಯುವುದು ಅವರ ಕೆಲಸ. ಆಸ್ಪತ್ರೆಗೆ ಬಂದ ಇಂಥ ಪ್ರಕರಣಗಳಲ್ಲಿ ಬಹುಪಾಲು ಪೊಲೀಸರ ದಾಖಲೆಯಲ್ಲೇ ಇಲ್ಲ ಅನ್ನುವುದು ಅವರಿಗೆ ಗೊತ್ತಾಯಿತು. ಆಮೇಲೆ ಆಸ್ಪತ್ರೆಯ ಸ್ವಾಗತ ಕೌಂಟರಿನಲ್ಲಿ ಇನ್ನೂ ಕೆಲವು ಪ್ರಶ್ನೆ ಕೇಳತೊಡಗಿದರು: ಎಲ್ಲಿ, ಯಾವಾಗ, ಯಾವುದರಿಂದ? ಹೆಸರು ತೆಗೆದು ಆ ಮಾಹಿತಿಯನ್ನು ಪೊಲೀಸರಿಗೂ ನಗರಾಡಳಿತಕ್ಕೂ ಕೊಟ್ಟರು. ಯಾವ ಬೀದಿ, ಯಾವ ಬಾರು, ಯಾವ ಹೊತ್ತು ಅಂತ ತಿಳಿಯಿತು. ಒಡೆದ ಗಾಜಿನ ಲೋಟವೇ ಆಯುಧ ಆಗುತ್ತಿದೆ ಅಂತಲೂ ತಿಳಿಯಿತು. ಸುಲಭಕ್ಕೆ ಚೂಪಾಗಿ ಒಡೆಯದ ಲೋಟ ಇಡಿ ಅಂದರು. ಕುಡಿದವನಿಗೆ ಬುದ್ಧಿ ಹೇಳುವುದಕ್ಕಿಂತ ಲೋಟ ಬದಲಿಸುವುದು ಸಲೀಸು ಅಂತ ಗೊತ್ತಾಗಲು ಒಬ್ಬ ಹೊಲಿಗೆ ಹಾಕುವವರೇ ಬೇಕಾಯಿತು. ಜಾಗೃತಿ ಜಾಥಾದ ದೃಷ್ಟಿಯಿಂದ ನೋಡಿದರೆ ಇದು ತೀರಾ ಸಪ್ಪೆ ಕೆಲಸ. ಲೋಟಕ್ಕೆ ಹಾರ ಹಾಕಿ ಫೋಟೋ ತೆಗೆಸಿಕೊಳ್ಳಲು ಬರುವುದಿಲ್ಲ.

1996ರ ಕತೆ ಇನ್ನೂ ಚೆಂದ. ಆ ವರ್ಷ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳ ಸಭೆ, ಹಿಂಸೆ ಅನ್ನುವುದು ಜಗತ್ತಿನ ದೊಡ್ಡ ಸಾರ್ವಜನಿಕ ಆರೋಗ್ಯ ಸಮಸ್ಯೆ ಅಂತ ಘೋಷಿಸಿತು. ಅದೇ ವರ್ಷ ಅಮೆರಿಕದ ಸಂಸತ್ತು ತನ್ನ ರೋಗ ನಿಯಂತ್ರಣ ಕೇಂದ್ರಕ್ಕೆ, ಗಾಯ ತಡೆಯುವ ಹಣವನ್ನು ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಬಳಸಕೂಡದು ಅಂತ ಷರತ್ತು ಹಾಕಿತು. ಜೊತೆಗೆ ಬಂದೂಕಿನ ಗಾಯದ ಸಂಶೋಧನೆಗೆ ಖರ್ಚಾಗುತ್ತಿದ್ದಷ್ಟೇ ಮೊತ್ತವನ್ನು, ಅಂದರೆ 26 ಲಕ್ಷ ಡಾಲರನ್ನು, ಅಲ್ಲಿಂದ ಎತ್ತಿ ಇನ್ನೊಂದು ಕಡೆ ಇಟ್ಟಿತು. ಯಾವ ಕಡೆ ಗೊತ್ತೇ? ತಲೆಗೆ ಪೆಟ್ಟು ಬಿದ್ದು ಆಗುವ ಮೆದುಳಿನ ಗಾಯದ ಅಧ್ಯಯನಕ್ಕೆ. ಗುಂಡು ತಲೆಗೆ ಬಂದದ್ದು ಹೇಗೆ ಅಂತ ಕೇಳಬೇಡಿ, ತಲೆಗೆ ಏನಾಯಿತು ಅಂತ ಮಾತ್ರ ನೋಡಿ! ಬಂದೂಕಿನ ಸಂಶೋಧನೆಗೆ ಅಂತಲೇ ಹಣ ಮತ್ತೆ ಸಿಗಲು ಎರಡು ದಶಕಕ್ಕೂ ಜಾಸ್ತಿ ಹಿಡಿಯಿತು.

ಇಷ್ಟೆಲ್ಲ ಇದ್ದರೂ ಜಗತ್ತು ಸುಮ್ಮನೆ ಕೂತಿದೆ ಅಂತ ಯಾರೂ ದೂರುವ ಹಾಗಿಲ್ಲ. ರಸ್ತೆ ಸುರಕ್ಷತೆಗಾಗಿ ಮಂತ್ರಿಗಳು 2009ರಲ್ಲಿ ಮಾಸ್ಕೋದಲ್ಲಿ ಸೇರಿದರು. 2015ರಲ್ಲಿ ಬ್ರೆಸಿಲಿಯಾದಲ್ಲಿ, 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ, 2025ರಲ್ಲಿ ಮರಕೇಶ್‌ನಲ್ಲಿ ಸೇರಿದರು. ಪ್ರತಿ ಸಲವೂ ಒಂದು ಘೋಷಣೆ ಹೊರಬಿತ್ತು, ಪ್ರತಿ ಘೋಷಣೆಗೂ ಆ ಊರಿನದೇ ಹೆಸರು. 2011ರಿಂದ 2020ರವರೆಗೆ "ಕ್ರಿಯಾ ದಶಕ" ಅಂದರು. 2020ರ ಹೊತ್ತಿಗೆ ರಸ್ತೆ ಸಾವು ಅರ್ಧಕ್ಕೆ ಇಳಿಯಬೇಕು ಅಂತ 2015ರಲ್ಲಿ ವಿಶ್ವಸಂಸ್ಥೆಯಲ್ಲಿ ಎಲ್ಲರೂ ಕೈ ಎತ್ತಿದರು. 2010ರಲ್ಲಿ ವರ್ಷಕ್ಕೆ ಸುಮಾರು 12.5 ಲಕ್ಷ ಇದ್ದ ಸಾವು 2021ಕ್ಕೆ ಸುಮಾರು 11.9 ಲಕ್ಷಕ್ಕೆ ಬಂತು. ಶೇಕಡಾ 50 ಅಂದಿದ್ದರು, ಶೇಕಡಾ 5 ಆಯಿತು. ಒಂದು ಸೊನ್ನೆ ಎಲ್ಲೋ ಉದುರಿಹೋಯಿತು, ಅಷ್ಟೇ.

ಸೋತೆವು ಅಂತ ಯಾರೂ ಕೈಕಟ್ಟಿ ಕೂರಲಿಲ್ಲ. 2021ರಿಂದ 2030ರವರೆಗೆ ಎರಡನೇ ಕ್ರಿಯಾ ದಶಕ ಘೋಷಣೆಯಾಯಿತು. ಗುರಿ? ಸಾವು ಅರ್ಧಕ್ಕೆ ಇಳಿಯಬೇಕು, 2030ರ ಹೊತ್ತಿಗೆ. ಈಗಿರುವ ನಡಿಗೆ ನೋಡಿದರೆ ಮೂರನೇ ದಶಕದ ಲಾಂಛನವನ್ನು ಈಗಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೇದು. ಹಳೇ ಲಾಂಛನದಲ್ಲಿ ಇಸವಿ ಒಂದನ್ನು ತಿದ್ದಿದರೂ ನಡೆಯುತ್ತದೆ. ಮುದ್ರಿಸುವಾಗ ಮಾತ್ರ ಹುಷಾರು, ಅಂಕಿ ತಪ್ಪಬಾರದು.